ಮೀನು ಬೇಯದ ಮನೆಯ ಮೀನುಗಳು

ಶೆಫೀಲ್ಡ್‌ನಲ್ಲಿ ನಾನು ಹುಟ್ಟಿ ಬೆಳೆದ ಮನೆಯ ಮುಂದಿನ ಕೋಣೆಯಲ್ಲಿ ಟಿವಿ ಇರಲಿಲ್ಲ. ಟಿವಿ ಇರಬೇಕಾದ ಗೋಡೆಯ ಉದ್ದಕ್ಕೂ ಅಪ್ಪನ ಅಕ್ವೇರಿಯಂ ಇತ್ತು. ಸಿಹಿನೀರಲ್ಲಿ ಗೋಲ್ಡ್‌ಫಿಶ್ ಬಿಡುವಂಥ ಗಾಜಿನ ಪೆಟ್ಟಿಗೆಯಲ್ಲ, ಸಮುದ್ರದ ಟ್ಯಾಂಕು. ಒಳಗೆ ಬಂಡೆ, ಬಂಡೆಗೆ ಅಂಟಿ ಬೆಳೆದ ಜೀವಂತ ಹವಳ, ಹವಳದ ನಡುವೆ ಕಿತ್ತಳೆ ಬಣ್ಣದ ಎರಡು ಕ್ಲೌನ್ ಮೀನು, ನಿಂಬೆಹಣ್ಣಿನಷ್ಟು ಹಳದಿಯಾದ ಇನ್ನೊಂದು. ಸಂಜೆ ಅದರ ನೀಲಿ ಬೆಳಕು ಪರದೆ ದಾಟಿ ಏರುರಸ್ತೆಯ ಮೇಲೆ ಬೀಳುತ್ತಿತ್ತು. ಟ್ರಾಮ್ ಇಳಿದು ಉಬ್ಬಸಪಡುತ್ತಾ ಹತ್ತಿ ಬರುವ ಅಕ್ಕಪಕ್ಕದವರು ನಮ್ಮ ಕಿಟಕಿಯ ಎದುರು ನಿಂತು ದಣಿವಾರಿಸಿಕೊಂಡು ಹೋಗುತ್ತಿದ್ದರು. ಕೋಣೆಯ ಕೆಳಗಿನ ಸೆಲ್ಲಾರ್‌ನಲ್ಲಿ ಪಂಪು, ಫಿಲ್ಟರು, ಉಪ್ಪಿನ ಬಕೆಟ್ಟು ಇದ್ದವು. ಪಂಪಿನ ಸದ್ದು ಒಂದಿಷ್ಟು ಬದಲಾದರೂ ಅಪ್ಪ ಊಟದ ನಡುವೆ ಕೈ ನಿಲ್ಲಿಸಿ ತಲೆಯೆತ್ತುತ್ತಿದ್ದ. ಅವನು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ತಾನೇ ನಿದ್ದೆಗೆ ದೂಡಿದವರ ಉಸಿರನ್ನು ದಿನವಿಡೀ ಕಿವಿಯಿಂದ ಕಾಯುವುದು ಅವನ ಕೆಲಸ. ಮನೆಗೆ ಬಂದ ಮೇಲೂ ಆ ಕಿವಿಗೆ ಬಿಡುವಿರಲಿಲ್ಲ.

ಆ ಮನೆಯಲ್ಲಿ ಮೀನು ಸಾಕಬಹುದಿತ್ತು, ಬೇಯಿಸುವಂತಿರಲಿಲ್ಲ. ಅಪ್ಪ ಮೈಸೂರಿನ ಸಸ್ಯಾಹಾರಿ ಮನೆಯವನು. ಅಮ್ಮ ಗಂಗೊಳ್ಳಿಯ ಬಂದರಿನ ಪಕ್ಕದಲ್ಲಿ, ದಿನಕ್ಕೆ ಎರಡು ಹೊತ್ತೂ ಮೀನುಂಡು ಬೆಳೆದವಳು. ಮಣಿಪಾಲದಲ್ಲಿ ಅವನು ಓದುತ್ತಿದ್ದಾಗ ಅವಳು ಅಲ್ಲೇ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಮದುವೆಗೆ ಎರಡು ಮನೆಯವರೂ ಒಪ್ಪುವ ಹೊತ್ತಿಗೆ ಇಬ್ಬರೂ ಸಾಕಷ್ಟು ಸವೆದಿದ್ದರು. ಆಮೇಲೆ ಅಮ್ಮ ಮೀನು ತಿನ್ನುವುದನ್ನು ಬಿಟ್ಟಳು. ಬಿಟ್ಟದ್ದು ಯಾಕೆಂದು ನನಗೆ ಯಾರೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಹುಳಿ, ಸಾರು, ಪಲ್ಯ, ಮೊಸರು. ಬೇರೆ ವಾಸನೆ ಅಲ್ಲಿಗೆ ಬರಬಹುದೆಂಬುದೇ ನನ್ನ ತಲೆಗೆ ಹೊಳೆದಿರಲಿಲ್ಲ.

ಭಾನುವಾರ ಟ್ಯಾಂಕಿನ ನೀರು ಬದಲಿಸುವ ದಿನ. ಅಪ್ಪ ಸೆಲ್ಲಾರ್‌ನಲ್ಲಿ ಶುದ್ಧನೀರಿಗೆ ಉಪ್ಪು ಕಲಸುತ್ತಿದ್ದ, ಪುಟ್ಟ ದುರ್ಬೀನಿನಂಥ ಒಂದು ಮಾಪಕವನ್ನು ಕಿಟಕಿಗೆ ಹಿಡಿದು ಉಪ್ಪಿನ ಪ್ರಮಾಣ ನೋಡುತ್ತಿದ್ದ. ಅವನು ಬಕೆಟ್ ಮೇಲೆ ತಂದಿಟ್ಟು ಕೈ ತೊಳೆಯಲು ಹೋದಾಗ ಅಮ್ಮ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಳ್ಳುವುದನ್ನು ನಾನು ಒಂದೆರಡು ಸಲ ಕಂಡಿದ್ದೇನೆ. ಸೀರೆ ಉಡದ ದಿನಗಳಲ್ಲೂ ಸೆರಗಿಗೆ ಒರೆಸಿಕೊಳ್ಳುವಂತೆ ಕೈಯನ್ನು ಕಾರ್ಡಿಗನ್ನಿನ ಅಂಚಿಗೆ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು.

ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅಪ್ಪ ಟ್ರಿಗರ್ ಮೀನು ತಂದ. ಅಂಗೈಯಷ್ಟು ಅಗಲ, ಮಸಿಯಷ್ಟು ಕಡುನೀಲಿ, ಎರಡು ಕವಲಾಗಿ ಚಾಚಿದ ಬಾಲ, ನಕ್ಕಂತೆ ತೆರೆದ ಬಾಯೊಳಗೆ ಕೆಂಪು ಹಲ್ಲು. ಬಂದ ದಿನವೇ ಅದು ಬಂಡೆಯ ಸಂದಿಗೆ ನುಗ್ಗಿ, ಬೆನ್ನಿನ ಮುಳ್ಳನ್ನು ನೆಟ್ಟಗೆ ನಿಲ್ಲಿಸಿ, ಅಲ್ಲೇ ಬಿಗಿದುಕೊಂಡು ಕೂತಿತು. ಹಾಗೆ ಕೂತ ಟ್ರಿಗರನ್ನು ಯಾರೂ ಎಳೆದು ತೆಗೆಯಲಾರರು ಎಂದ ಅಪ್ಪ. ಅದು ಏನು ಹಾಕಿದರೂ ಮುಟ್ಟಲಿಲ್ಲ. ಕಾಳಿನಂಥ ಆಹಾರ, ಒಣಗಿದ ಪಾಚಿ, ಯಾವುದೂ ಬೇಡ. ಅಪ್ಪ ಡ್ಯೂಟಿಯಿಂದ ಬಂದವನು ಕೋಟೂ ತೆಗೆಯದೆ ಗಾಜಿನ ಎದುರು ಮಂಡಿಯೂರಿ ಕೂರುತ್ತಿದ್ದ.

"ಹೊಸ ಜಾಗಕ್ಕೆ ಬಂದ ಮೀನು ಹೀಗೇ ಪುಟ್ಟಿ," ಎಂದು ನನಗೆ ಹೇಳಿದ. "ನಮ್ಮ ಊಟ ಅದಕ್ಕೆ ಊಟ ಅಂತಾನೇ ಗೊತ್ತಾಗಲ್ಲ. ಅದು ಮುಂಚೆ ಏನು ತಿಂತಿತ್ತೋ ಅದನ್ನೇ ಕೊಡಬೇಕು."

ಅದು ಮುಂಚೆ ತಿನ್ನುತ್ತಿದ್ದುದು ಸಿಗಡಿ, ಚಿಪ್ಪಿನ ಹುಳ. ಹುಟ್ಟಿದಾಗಿನಿಂದ ಮೊಟ್ಟೆ ಸಹ ಮುಟ್ಟದ ಅಪ್ಪ ಮಾರ್ಕೆಟ್ಟಿನಿಂದ ಸಿಗಡಿ ತಂದ. ಅದು ಅಡುಗೆಮನೆಗೆ ಬರಲಿಲ್ಲ. ಸೆಲ್ಲಾರ್‌ನಲ್ಲಿ ಅದಕ್ಕೇ ಒಂದು ಸಣ್ಣ ಫ್ರೀಜರು, ಒಂದು ಚಾಕು, ಒಂದು ಮಣೆ. ಮೊದಲ ಸಲ ಅವನು ಮುಖ ಆಚೆ ತಿರುಗಿಸಿಕೊಂಡು ಕತ್ತರಿಸಿದ್ದು ನೆನಪಿದೆ. ತುಂಡನ್ನು ಬೆಳ್ಳುಳ್ಳಿ ರಸದಲ್ಲಿ ಅದ್ದಿ, ಉದ್ದ ಚಿಮಟದಲ್ಲಿ ಹಿಡಿದು ಬಂಡೆಯ ಸಂದಿಯ ಹತ್ತಿರ ಅಲ್ಲಾಡಿಸಿದ. ಬಹಳ ಹೊತ್ತಿನ ಮೇಲೆ ಆ ಮುಳ್ಳು ಮಡಚಿತು. ಮೀನು ಮುಂದೆ ಬಂದು ಕಟಕ್ಕೆಂದು ಕಚ್ಚಿ ಎಳೆದುಕೊಂಡಿತು. ಅಪ್ಪನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಸಿಗಡಿಯ ತಲೆ ಮುರಿದು, ಬೆನ್ನು ಸೀಳಿ, ಕಪ್ಪು ನರ ಎಳೆಯುವುದನ್ನು ಅವನು ಯಾವ ಬೆಸ್ತನಿಗೂ ಕಡಿಮೆಯಿಲ್ಲದಂತೆ ಮಾಡುತ್ತಿದ್ದ. ಆ ಹೊತ್ತಿಗೆ ಅಮ್ಮ ಬಟ್ಟೆಯ ಬುಟ್ಟಿ ಹಿಡಿದು ಸೆಲ್ಲಾರ್ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಬಟ್ಟೆ ತೊಳೆಯುವ ಮಶೀನು ಇದ್ದುದು ಬೇರೆ ಕಡೆ. ಅವಳು ಅಲ್ಲಿ ಯಾಕೆ ನಿಲ್ಲುತ್ತಾಳೆಂದು ಆಗ ನನಗೆ ಅರ್ಥವಾಗುತ್ತಿರಲಿಲ್ಲ.

ಅದಾದ ಮೇಲಿನ ಚಳಿಗಾಲ ಗಂಗೊಳ್ಳಿಯಲ್ಲಿ ಅಜ್ಜ ತೀರಿಕೊಂಡರು. ಅಮ್ಮ ಊರಿಗೆ ಹೋಗಿ, ಬರುವಾಗ ತನ್ನ ತಾಯಿಯನ್ನು ಕರೆದುಕೊಂಡು ಬಂದಳು. ಅಲ್ಲಿಯವರು ಹೇಳುವಂತೆ ನಾನೂ ಅವರನ್ನು ಅಮ್ಮಮ್ಮ ಎಂದೆ. ಕಪ್ಪು ಮೈ, ಗಟ್ಟಿ ಕೈ, ಸಣ್ಣ ಆಕಾರ. ಸೀರೆಯ ಮೇಲೆ ಅಪ್ಪನ ಹಳೆಯ ಸ್ವೆಟರು, ಕಾಲಿಗೆ ನನ್ನ ಶಾಲೆಯ ಕಾಲುಚೀಲ. ಬಂದ ದಿನ ಟ್ಯಾಂಕಿನ ಎದುರು ನಿಂತವರು ಎಲ್ಲ ಮೀನನ್ನೂ ಬಿಟ್ಟು ನೀಲಿಯದನ್ನೇ ನೋಡಿದರು.

"ಹ್ವಾಯ್ ಡಾಕ್ಟ್ರೇ, ಇದ್ ನಮ್ ಕಾರ್ಗಿಲ್ ಅಲ್ದಾ?"

ಅಪ್ಪನಿಗೆ ಅರ್ಥವಾಗಲಿಲ್ಲ. ಅಮ್ಮ ನಕ್ಕು ವಿವರಿಸಿದಳು. ಊರಿನ ಬಂದರಿನಲ್ಲಿ ಈ ಮೀನಿಗೆ ಕಾರ್ಗಿಲ್ ಎಂದು ಹೆಸರು. ಬಲೆಗೆ ರಾಶಿರಾಶಿಯಾಗಿ ಬೀಳುತ್ತದೆ, ಚರ್ಮ ದಪ್ಪ, ಕೊಳ್ಳುವವರಿಲ್ಲ.

"ಲಾರಿಗ್ ತುಂಬಿ ಗೊಬ್ಬರಕ್ಕೋ ಎಂತಕ್ಕೋ ಕಳ್ಸುದ್," ಎಂದರು ಅಮ್ಮಮ್ಮ. "ಇಲ್ ಬಂದ್ ರಾಜ ಆಯ್ ಕೂಕಂಡಿತ್ ಕಾಣಿ."

ಅಪ್ಪ ಬೇಸರ ಮಾಡಿಕೊಳ್ಳಲಿಲ್ಲ. ಅವನೂ ನಕ್ಕ. ಆವತ್ತಿನಿಂದ ಆ ಮೀನಿನ ಹೆಸರು ಕಾರ್ಗಿಲ್.

ನನಗೆ ಅದುವರೆಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತಿತ್ತು. ಅಮ್ಮಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದ ಮೇಲೆ, ಶಾಲೆಯಿಂದ ಬಂದ ನನಗೂ ಅವರಿಗೂ ಉಳಿಯುತ್ತಿದ್ದುದು ಆ ಟ್ಯಾಂಕು. ನಾನು ಬೆರಳು ತೋರಿಸುವುದು, ಅವರು ಹೇಳುವುದು, ನಾನು ತಿರುಗಿ ಹೇಳುವುದು. ಅಕ್ಷರ ಕಲಿತದ್ದು ಎಷ್ಟೋ ಕಾಲದ ಮೇಲೆ, ಆದರೆ ಮಾತು ಬಂದದ್ದು ಆ ಸೋಫಾದ ಮೇಲೆ, ಅವರ ಪಕ್ಕದಲ್ಲಿ ಕೂತು. ಹಾಗಾಗಿ ಇವತ್ತಿಗೂ ನಾನು ಸಿಟ್ಟಿನಲ್ಲಿ ಮಾತಾಡಿದರೆ ಕುಂದಾಪುರದ ಕಡೆಯವಳಂತೆ ಕೇಳಿಸುತ್ತೇನಂತೆ.

ಅಮ್ಮಮ್ಮ ತಿನ್ನುವುದು ಕಡಿಮೆಯಾಗುತ್ತಾ ಬಂತು. ಮೊದಲು ಎರಡನೆಯ ಸಲ ಬಡಿಸಿಕೊಳ್ಳುವುದು ನಿಂತಿತು, ಆಮೇಲೆ ಮೊದಲ ಸಲದ್ದೇ ತಟ್ಟೆಯಲ್ಲಿ ಉಳಿಯತೊಡಗಿತು. ಒಮ್ಮೆಯೂ ದೂರಲಿಲ್ಲ. ಮಗಳು ಮಾಡಿದ ಹುಳಿ ಚೆನ್ನಾಗಿದೆ ಎನ್ನುತ್ತಿದ್ದರು, ಅನ್ನವನ್ನು ತಟ್ಟೆಯಲ್ಲಿ ಅತ್ತಿಂದಿತ್ತ ಸರಿಸುತ್ತಿದ್ದರು.

"ಅಬ್ಬಿ, ಇನ್ನೊಂದ್ ತುತ್ತಾರೂ ತಿನ್," ಎನ್ನುತ್ತಿದ್ದಳು ಅಮ್ಮ. ತಾಯಿಯನ್ನು ಅವಳು ಊರಿನವರಂತೆ ಅಬ್ಬಿ ಎಂದೇ ಕರೆಯುತ್ತಿದ್ದಳು.

"ಹಸಿವಿಲ್ಲೆ ಮಗಾ."

ಅಪ್ಪ ರಕ್ತ ಪರೀಕ್ಷೆ ಮಾಡಿಸಿದ, ಮಾತ್ರೆ ತಂದ. ಗಂಡ ಹೋದ ದುಃಖ, ಚಳಿ, ವಯಸ್ಸು ಎಂದ. ಯಾವುದೂ ಸುಳ್ಳಲ್ಲ. ಆದರೆ ಒಂದು ಸಂಜೆ ಅಪ್ಪ ಎಂದಿನಂತೆ ಸಿಗಡಿಯ ತುಂಡನ್ನು ಚಿಮಟದಲ್ಲಿ ಹಿಡಿದು ನೀರಿಗೆ ಇಳಿಸಿದಾಗ, ಸೋಫಾದಲ್ಲಿದ್ದ ಅಮ್ಮಮ್ಮ ಮೀನಿನೊಡನೆ ಮಾತಾಡಿದರು. ಅವರು ಆಗಾಗ ಹಾಗೆ ಮಾತಾಡುವುದಿತ್ತು.

"ನೀ ಪುಣ್ಯ ಮಾಡಿದ್ಯ ಮಾರಾಯ. ಇಷ್ಟ್ ದೂರ ಬಂದ್ರೂ ನಿಂಗೆ ಚಟ್ಲಿ ತಪ್ಲಿಲ್ಲೆ."

ಚಟ್ಲಿ ಎಂದರೆ ಅವರ ಕಡೆ ಸಿಗಡಿ. ಅವರ ದನಿಯಲ್ಲಿ ಕೊಂಕಿರಲಿಲ್ಲ. ಹೊಟ್ಟೆ ತುಂಬಿದ ಮಗುವನ್ನು ಕಂಡು ಹೇಳುವಂತೆ ಹೇಳಿದ್ದರು. ಅಪ್ಪ ಏನೋ ಹುಂ ಎಂದ. ಬಾಗಿಲಲ್ಲಿ ನಿಂತಿದ್ದ ಅಮ್ಮ ಅದನ್ನು ಕೇಳಿಸಿಕೊಂಡು ಅಡುಗೆಮನೆಗೆ ಹೊರಟುಹೋದಳು.

ಆ ಭಾನುವಾರ ಜಗಳವಾಯಿತು. ಅಮ್ಮಮ್ಮ ಮಹಡಿಯಲ್ಲಿ ಮಲಗಿದ್ದರು. ಅಪ್ಪ ಪೈಪಿನ ಒಂದು ತುದಿ ಟ್ಯಾಂಕಿನಲ್ಲಿಟ್ಟು ಇನ್ನೊಂದು ತುದಿಯನ್ನು ಬಕೆಟ್ಟಿಗೆ ಬಿಟ್ಟು ಹಳೆ ನೀರು ತೆಗೆಯುತ್ತಿದ್ದ. ಅಮ್ಮ ಬಂದು ಅವನ ಹಿಂದೆ ನಿಂತಳು.

"ಹೊಸ ಜಾಗಕ್ಕೆ ಬಂದ ಮೀನಿಗೆ ಅದರ ಊಟಾನೇ ಕೊಡಬೇಕು ಅಂತೀರಿ. ನಮ್ಮಮ್ಮನ ವಿಷಯದಲ್ಲಿ ಅದು ಹೊಳೀಲೇ ಇಲ್ವಾ ನಿಮಗೆ?"

"ನಾನು ಯಾವತ್ತಾದ್ರೂ ಬೇಡ ಅಂದಿದೀನಾ ಸುಮಿ? ಮಾಡಿ ಹಾಕು. ನೀನೇ ತಿನ್ನೋದು ಬಿಟ್ಟೆ, ನಾನು ಬಿಡಿಸಲಿಲ್ಲ."

"ನಾನು ಯಾಕೆ ಬಿಟ್ಟೆ ಅಂತ ಕೇಳಿದ್ರಾ?"

ಅಪ್ಪ ತಿರುಗಿ ನೋಡಿದ. ಅಮ್ಮ ಹೇಳಿದಳು. ಮದುವೆಯಾಗಿ ಮೈಸೂರಿನ ಮನೆಗೆ ಕಾಲಿಟ್ಟ ವಾರದಲ್ಲೇ ಅಪ್ಪನ ತಾಯಿ ಅವಳನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ, ಎರಡು ಮಾತು ತೆಗೆದುಕೊಂಡಿದ್ದರು. ನಿನ್ನ ಒಲೆಯ ಮೇಲೆ ಅದು ಬರಬಾರದು. ನಿನ್ನ ಬಾಯಿಗೂ ಬರಬಾರದು. ಇಷ್ಟು ನಡೆಸಿಕೊಟ್ಟರೆ ನಿನ್ನನ್ನು ಮಗಳ ಹಾಗೆ ನೋಡಿಕೊಳ್ಳುತ್ತೇನೆ.

"ನೋಡ್ಕೊಂಡ್ರು," ಎಂದಳು ಅಮ್ಮ. "ಅದರಲ್ಲಿ ಸುಳ್ಳಿಲ್ಲ. ಇಲ್ಲೀತನಕ ಬಂದು ನನ್ನ ಬಾಣಂತನ ಅವರೇ ಮಾಡಿದ್ರು. ನಾನೂ ಮಾತು ಉಳಿಸ್ಕೊಂಡೆ."

"ನಂಗೆ ಗೊತ್ತೇ ಇರ್ಲಿಲ್ಲ," ಎಂದ ಅಪ್ಪ. "ನನಗೋಸ್ಕರ ನೀನಾಗೇ ಬಿಟ್ಟೆ ಅಂದ್ಕೊಂಡಿದ್ದೆ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ."

ಬಕೆಟ್ ತುಂಬಿ ನೀರು ಕಾರ್ಪೆಟ್ಟಿನ ಮೇಲೆ ಹರಿಯುತ್ತಿತ್ತು. ಇಬ್ಬರೂ ನೋಡಲಿಲ್ಲ. ನಾನು ಓಡಿ ಹೋಗಿ ಪೈಪನ್ನು ಹೊರಗೆಳೆದೆ. ಮೈಸೂರಿನ ಅಜ್ಜಿ ಆ ಹೊತ್ತಿಗೆ ತೀರಿಕೊಂಡು ಕೆಲವು ವರ್ಷವಾಗಿತ್ತು. ನನಗೆ ಅವರೆಂದರೆ ಜೀವ. ಚಿಕ್ಕಂದಿನಲ್ಲಿ ನಾನು ಮಲಗುವವರೆಗೂ ನನ್ನ ಅಂಗಾಲು ತಿಕ್ಕುತ್ತಿದ್ದವರು, ಬಾಗಿಲು ಮುಂದೆ ಮಾಡಿ ಆ ಮಾತು ತೆಗೆದುಕೊಂಡವರು, ಇಬ್ಬರೂ ಒಬ್ಬರೇ ಎಂಬುದನ್ನು ಒದ್ದೆ ಕಾರ್ಪೆಟ್ಟಿನ ಮೇಲೆ ನಿಂತು ತಿಳಿಯಬೇಕಾಗಿ ಬಂತು. ಆ ಕೋಣೆ ಬೇಸಿಗೆಯವರೆಗೂ ಕಡಲ ದಂಡೆಯ ಹಾಗೆ ನಾರಿತು.

ಮುಂದಿನ ವಾರ ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಅಪ್ಪನಿಗೆ ಒಂದು ದಿನ ರಜೆ ಸಿಕ್ಕಿತು. ನನಗೂ ಶಾಲೆಗೆ ರಜೆ. ಅಮ್ಮ ಕೆಲಸಕ್ಕೆ ಹೋಗಿದ್ದಳು. ಅಪ್ಪ ಅಮ್ಮಮ್ಮನ ಮುಂದೆ ನಿಂತು, "ಅತ್ತೆ, ಮಾರ್ಕೆಟ್ಟಿಗೆ ಹೋಗಿ ಬರೋಣ ಬನ್ನಿ," ಎಂದ. ಮೂವರೂ ಟ್ರಾಮ್ ಹತ್ತಿದೆವು. ಮೀನಿನ ಅಂಗಡಿಗಳ ಸಾಲು ಬಂದಾಗ ಅಮ್ಮಮ್ಮನ ನಡಿಗೆಯೇ ಬೇರೆಯಾಯಿತು. ಅದುವರೆಗೆ ನನ್ನ ಕೈ ಹಿಡಿದು ಜಾಗ್ರತೆಯಾಗಿ ಕಾಲಿಡುತ್ತಿದ್ದವರು ಕೈ ಬಿಟ್ಟು ಮುಂದೆ ಹೋದರು. ಐಸಿನ ಮೇಲೆ ಸಾಲಾಗಿ ಮಲಗಿದ್ದ ಬಂಗುಡೆಯನ್ನು ಬಗ್ಗಿ ನೋಡಿದರು.

"ವಾಟ್ ಕ್ಯಾನ್ ಐ ಗೆಟ್ ಯೂ, ಲವ್?" ಎಂದ ಅಂಗಡಿಯವನು.

"ಕೆಮಿ ಎತ್ತಿ ತೋರ್ಸ್ ಕಾಂಬ," ಎಂದರು ಅಮ್ಮಮ್ಮ, ತಮ್ಮ ಕಿವಿಯ ಹತ್ತಿರ ಬೆರಳು ಆಡಿಸುತ್ತಾ.

ಅವನು ಒಂದು ಬಂಗುಡೆ ಎತ್ತಿ ಕಿವಿರು ತೆರೆದು ತೋರಿಸಿದ. ಅವರಿಬ್ಬರ ನಡುವೆ ಬೇರೆ ಭಾಷೆ ಬೇಕಾಗಲಿಲ್ಲ. ಅಪ್ಪ ಚೀಲ ಹಿಡಿದು ನಿಂತಿದ್ದ.

ಮನೆಗೆ ಬಂದ ಮೇಲೆ ಅಮ್ಮಮ್ಮ ಅಡುಗೆಮನೆಗೆ ಹೋಗಲು ಒಪ್ಪಲಿಲ್ಲ. ಮಗಳು ಇಲ್ಲದ ಹೊತ್ತಿನಲ್ಲಿ ಮಗಳ ಒಲೆ ಮುಟ್ಟುವುದಿಲ್ಲ ಎಂದರು. ಭಾನುವಾರದ ಮಾತು ಮಹಡಿಯವರೆಗೂ ಕೇಳಿಸಿತ್ತೆಂದು ಆಗ ಗೊತ್ತಾಯಿತು. ಅಪ್ಪ ಯೋಚಿಸಿ, ಕ್ಯಾಂಪಿಂಗಿಗೆಂದು ಇಟ್ಟಿದ್ದ ಸಣ್ಣ ಗ್ಯಾಸ್ ಒಲೆಯನ್ನು ಹಿತ್ತಲಿಗೆ ತಂದ. ಮಾರ್ಕೆಟ್ಟಿನಲ್ಲೇ ಕೊಂಡಿದ್ದ ಹೊಸ ಪಾತ್ರೆ ಅದರ ಮೇಲೆ ಕೂತಿತು. ಸೆಲ್ಲಾರ್‌ನಿಂದ ಸಿಗಡಿಯ ಚಾಕು, ಮಣೆ ಬಂತು. ಅಮ್ಮಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಬಂಗುಡೆ ಸೀಳಿದರು. ಅಪ್ಪ ಎದುರು ಕೂತು ಒಂದನ್ನು ಎತ್ತಿಕೊಂಡ.

"ನಿಮ್ಗೆಂತಕೆ ಡಾಕ್ಟ್ರೇ ಇದೆಲ್ಲ? ಬಿಡಿ."

"ಸಿಗಡಿ ಅಭ್ಯಾಸ ಆಗಿದೆ ಅತ್ತೆ. ಇದನ್ನ ಹೇಗೆ ಮಾಡೋದು ತೋರಿಸಿ."

ಅವರು ತೋರಿಸಿದರು. ಊರಿನಿಂದ ತಂದಿದ್ದ ಮಸಾಲೆ, ತೆಂಗಿನಕಾಯಿ, ಹುಣಸೆಹುಳಿ ಬಿದ್ದು ಪಾತ್ರೆ ಕುದಿಯುವ ಹೊತ್ತಿಗೆ ಸೋನೆ ಹನಿಯತೊಡಗಿತು. ಅಪ್ಪ ಒಳಗಿನಿಂದ ಕೊಡೆ ತಂದು ಅಮ್ಮಮ್ಮನ ಮೇಲೂ ಪಾತ್ರೆಯ ಮೇಲೂ ಹಿಡಿದು ನಿಂತ. ಅವನ ಬೆನ್ನು ನೆನೆಯುತ್ತಿತ್ತು. ಆ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು. ಅಷ್ಟರಲ್ಲಿ ಹಿತ್ತಲ ಗೇಟು ಕಿರ್ ಎಂದಿತು. ಅಮ್ಮ ಕೆಲಸದಿಂದ ಬಂದಿದ್ದಳು.

ಅವಳು ಒಲೆ ನೋಡಿದಳು, ಕೊಡೆ ನೋಡಿದಳು, ಗಂಡನ ಕೈಗೆ ಮೆತ್ತಿದ್ದ ಮೀನಿನ ಪೊರೆ ನೋಡಿದಳು.

"ಮಳೇಲಿ ಯಾಕೆ ಬೇಯಿಸ್ತೀರಾ?" ಎಂದಳು ಕೊನೆಗೆ. "ಒಳಗೆ ತನ್ನಿ."

ತಾನೇ ಹಳೆ ಸೀರೆಯ ತುಂಡಿನಲ್ಲಿ ಪಾತ್ರೆ ಹಿಡಿದು ಒಳಗೆ ಒಯ್ದು, ತನ್ನ ಒಲೆ ಹಚ್ಚಿ, ಅದರ ಮೇಲಿಟ್ಟಳು. ಅಡುಗೆಮನೆಯ ಗೋಡೆಯಲ್ಲಿದ್ದ ಮೈಸೂರಿನ ಅತ್ತೆಯ ಫೋಟೋದ ಕಡೆ ನೋಡಲಿಲ್ಲ. ತಟ್ಟೆ ಹಾಕುವಾಗ ಅಪ್ಪ ಅವಳ ಎದುರಿಗೂ ಮೀನಿನ ಸಾರಿನ ಬಟ್ಟಲು ಇಟ್ಟ.

"ಅಮ್ಮ ಹೋಗಿ ಎಷ್ಟು ಕಾಲ ಆಯ್ತು ಸುಮಿ. ನೀನೂ ತಿನ್ನು. ನಾನು ಹೇಳ್ತಾ ಇದೀನಿ."

"ನಾನು ಮಾತು ಕೊಟ್ಟಿದ್ದು ನಿಮಗಲ್ಲ," ಎಂದಳು ಅಮ್ಮ. ಸಿಟ್ಟಿರಲಿಲ್ಲ. ಬಟ್ಟಲನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. "ನೀವು ಬಿಡಿಸೋಕೆ ಬರಲ್ಲ. ಅವರು ಹೋದ್ರು. ಮಾತು ಕೊಟ್ಟ ನಾನು ಇದೀನಲ್ಲ."

ಅಮ್ಮಮ್ಮ ಮಗಳನ್ನು ನೋಡಿದರು.

"ನೀ ತಿನ್ ಅಂದೇಳಿ ನಾ ಹೇಳುದಿಲ್ಲೆ. ಕೋಟ್ ತೆಗ್ದ್ ಹತ್ರ ಕೂಕೋ. ಅಷ್ಟ್ ಸಾಕ್."

ಅಮ್ಮ ಕೋಟು ತೆಗೆದು ಕೂತಳು. ಅಪ್ಪನಿಗೂ ಅವಳಿಗೂ ಮೊಸರನ್ನ, ಅಮ್ಮಮ್ಮನಿಗೂ ನನಗೂ ಬಂಗುಡೆ ಸಾರು. ಅಮ್ಮಮ್ಮ ಮೂರು ಸಲ ಬಡಿಸಿಕೊಂಡರು. ನಾನು ಮೊದಲ ತುತ್ತು ತಿಂದಾಗ ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. ರುಚಿ ಹೇಗಿದೆ ಎಂದು ಕೇಳಲಿಲ್ಲ.

ಅಲ್ಲಿಂದ ಮುಂದೆ ಅಮ್ಮಮ್ಮ ಇದ್ದಷ್ಟು ದಿನ ಒಲೆಯ ಮೇಲೆ ಮೀನು ಬೆಂದಿತು. ಹೆಚ್ಚಿನ ದಿನ ಬೇಯಿಸಿದವಳು ಅಮ್ಮನೇ. ಉಪ್ಪು ನೋಡಲು ತಾಯಿಯನ್ನು ಕರೆಯುತ್ತಿದ್ದಳು, ತಾನು ನಾಲಿಗೆಗೆ ಮುಟ್ಟಿಸುತ್ತಿರಲಿಲ್ಲ. ಮಾತಿನ ಅರ್ಧವನ್ನು ತಾಯಿಗಾಗಿ ಬಿಟ್ಟಿದ್ದಳು, ಉಳಿದರ್ಧವನ್ನು ಅತ್ತೆಗಾಗಿ ಹಿಡಿದಿದ್ದಳು. ಆಗ ಅದು ನನಗೆ ಹಟದಂತೆ ಕಾಣುತ್ತಿತ್ತು. ಅಮ್ಮಮ್ಮನ ಕೆನ್ನೆ ತುಂಬಿತು. ಚಿಮಟ ಅವರ ಕೈಗೆ ಬಂತು. ಒಂದು ದಿನ ಚಿಮಟ ಬೇಡವೆಂದು ಬೆರಳಲ್ಲೇ ಸಿಗಡಿ ಹಿಡಿದು ಕಾರ್ಗಿಲ್‌ನಿಂದ ಕಚ್ಚಿಸಿಕೊಂಡರು. ಅಪ್ಪ ಹತ್ತಿಯಿಂದ ರಕ್ತ ಒರೆಸುತ್ತಿದ್ದರೆ ಅವರು ನಗುತ್ತಲೇ ಇದ್ದರು. ಗಂಗೊಳ್ಳಿಯಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಊರಿಗೆ ಹೋಗಬೇಕೆಂದರು. ವಿಮಾನ ನಿಲ್ದಾಣದಲ್ಲಿ ಅಪ್ಪ ಅವರ ಕಾಲು ಮುಟ್ಟಿದ. ಅದುವರೆಗೆ ಅವನು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಅವರು ಮತ್ತೆ ಬರಲಿಲ್ಲ. ನಾನು ಹೈಸ್ಕೂಲು ಸೇರಿದ ಮೇಲೆ ಒಂದು ಬೆಳಿಗ್ಗೆ ಗಂಗೊಳ್ಳಿಯಿಂದ ಫೋನು ಬಂತು. ಅಮ್ಮ ಮುಂದಿನ ಕೋಣೆಯಲ್ಲಿ ನಿಂತು ಕೇಳಿಸಿಕೊಂಡಳು. ವಿಮಾನ ಹತ್ತಿದರೂ ಚಿತೆ ಆರಿದ ಮೇಲೆ ತಲುಪುವುದು. ಅವಳು ಫೋನು ಇಟ್ಟು ಸೋಫಾದಲ್ಲಿ ಕೂತಳು. ಗಾಜಿನ ಆಚೆ ಮೀನುಗಳು ಊಟದ ಆಸೆಗೆ ಅವಳ ಎದುರು ಬಂದು ಸೇರಿದವು. ಅಪ್ಪ ಕೆಲಸಕ್ಕೆ ಹೋಗಲಿಲ್ಲ. ಮೀನಿಗೆ ತಿನ್ನಲು ಹಾಕಿ ಬಂದು ಅವಳ ಪಕ್ಕದಲ್ಲಿ ಕೂತ.

ಅಮ್ಮನ ಕಡೆ ಸೂತಕ ಕಳೆದ ಮೇಲೆ, ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಎಲೆಯಲ್ಲಿ ಬಡಿಸಿ ಇಡುತ್ತಾರೆ. ಸ್ವಲ್ಪ ಹೊತ್ತು ಎಲ್ಲರೂ ಆಚೆ ನಿಂತು, ಆಮೇಲೆ ಆ ಎಲೆಯದನ್ನು ಮನೆಯವರೇ ತಿನ್ನಬೇಕು. ಅದನ್ನು ಚೆಲ್ಲುವಂತಿಲ್ಲ, ಮಗಳು ಬೇಡವೆನ್ನುವಂತಿಲ್ಲ. ಅಮ್ಮ ಹಿಂದಿನ ದಿನವೇ ಇಂಡಿಯನ್ ಅಂಗಡಿಯಿಂದ ಬಾಳೆ ಎಲೆ ತಂದಳು, ಬೆಳಿಗ್ಗೆ ಅಪ್ಪ ಮಾರ್ಕೆಟ್ಟಿನಿಂದ ಬಂಗುಡೆ ತಂದ. ಅವಳು ಒಬ್ಬಳೇ ಎಲ್ಲ ಮಾಡಿದಳು. ಅಮ್ಮಮ್ಮ ಕೂರುತ್ತಿದ್ದ ಸೋಫಾದ ಎದುರು ಎಲೆ ಹಾಕಿ, ಅನ್ನ, ಸಾರು, ಹುರಿದ ತುಂಡು ಬಡಿಸಿ, ಒಂದು ಲೋಟ ನೀರಿಟ್ಟಳು. ನಾವು ಮೂವರೂ ಹೊರಗೆ ಹೋಗಿ ಬಾಗಿಲು ಮುಚ್ಚಿ ಹಜಾರದಲ್ಲಿ ನಿಂತೆವು. ಒಳಗೆ ಪಂಪಿನ ಸದ್ದು ಮಾತ್ರ.

ಬಾಗಿಲು ತೆರೆದು ಅವಳು ಎಲೆಯನ್ನು ಅಡುಗೆಮನೆಗೆ ತಂದು ಮೇಜಿನ ಮೇಲಿಟ್ಟಳು. ಅತ್ತೆಯ ಫೋಟೋದ ಎದುರು ಹೋಗಿ ನಿಂತಳು. ಅವಳು ಅದರ ಎದುರು ಹಾಗೆ ನಿಂತದ್ದನ್ನು ನಾನು ಮೊದಲ ಸಲ ಕಂಡೆ.

"ನಿಮಗೆ ಕೊಟ್ಟ ಮಾತು ಇಲ್ಲೀವರೆಗೆ ಉಳಿಸ್ಕೊಂಡೆ," ಎಂದಳು. "ಇವತ್ತು ನಮ್ಮಬ್ಬಿ ಎಲೆ."

ತಿರುಗಿ ಬಂದು ಕೂತಳು. ಅನ್ನಕ್ಕೆ ಸಾರು ಕಲಸಿಕೊಂಡಳು. ಅವಳ ಬೆರಳು ಮೀನಿನ ಬೆನ್ನಿನ ಮೇಲೆ ಅನುಮಾನಿಸುತ್ತಾ ನಿಂತದ್ದನ್ನು ಕಂಡು, ಎದುರು ಕೂತಿದ್ದ ಅಪ್ಪ ಹೇಳಿದ:

"ಮುಳ್ಳು ನೋಡ್ಕೊಂಡು ತಿನ್ನು ಸುಮಿ."

ಅಮ್ಮ ತಲೆಯೆತ್ತಿದಳು. ಕಣ್ಣು ತುಂಬಿತ್ತು.

"ಗಂಗೊಳ್ಳಿಯವಳಿಗೆ ನೀವು ಮುಳ್ಳು ಹೇಳ್ಕೊಡ್ತೀರಾ?"

ಹೆಬ್ಬೆರಳಿನಿಂದ 'ಸರ್' ಎಂದು ಒಂದೇ ಎಳೆತಕ್ಕೆ ನಡುಮುಳ್ಳನ್ನು ಬಿಡಿಸಿ ಎಲೆಯ ಅಂಚಿಗಿಟ್ಟಳು. ಮೊದಲ ತುತ್ತನ್ನು ಬಹಳ ಹೊತ್ತು ಅಗಿದಳು. ಅಪ್ಪ ಎದ್ದು ಹೋಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ಎಲೆ ಬರಿದಾಯಿತು. ಆಮೇಲೆ ಅವಳು ಎಡಗೈಯಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಇನ್ನೊಂದು ಸ್ವಲ್ಪ ಅನ್ನ ಹಾಕು ಮಗಾ," ಎಂದಳು. "ಹಸಿವಾಗ್ತಿದೆ."